ಮಾಸ್ತರ, ನೀರು ಬಂದಾವು

ನಮ್ಮ ಬೆಟಗೇರಿಯ ಓಣಿಗೆ ನಳದ ನೀರು ಬರುವುದು ಎಂಟು-ಹತ್ತು ದಿನಕ್ಕೊಮ್ಮೆ. ಯಾವ ಹೊತ್ತಿಗೆಂದು ಯಾರೂ ಹೇಳಲಾರರು. ಬಂದಾಗ ಪಕ್ಕದ ಮನೆಯ ವಯಸ್ಸಾದ ಅವ್ವ ಗೋಡೆ ಬಡಿದು, "ಮಾಸ್ತರ, ನೀರು ಬಂದಾವು!" ಎಂದು ಕೂಗುತ್ತಿದ್ದಳು. ನಮ್ಮ ಕಡೆ ನೀರಿಗೆ ಬಹುವಚನ. ನನ್ನ ಮನೆಯಲ್ಲಿ ಬಹುವಚನಕ್ಕೆ ತಕ್ಕದ್ದು ಅದೊಂದೇ. ಮದುವೆಯ ಗೋಜಿಗೆ ಹೋಗದ ನನ್ನನ್ನು ಮನೆಯಲ್ಲಿ ಕರೆಯುತ್ತಿದ್ದ ದನಿಯೂ ಆ ಅವ್ವನದೊಂದೇ. ಅವ್ವ ಲಕ್ಷ್ಮೇಶ್ವರದ ಮಗಳ ಮನೆಗೆ ಹೊರಟುಹೋದಳು. ಒಳಕೋಣೆಯಲ್ಲಿ ಪೇಪರು ಓದುತ್ತ ಕೂತಿದ್ದ ನಾನು ಎರಡು ಸಲ ನೀರು ತಪ್ಪಿಸಿಕೊಂಡೆ.

ಆ ಮನೆಗೆ ಹೊಸ ಬಾಡಿಗೆಯವರು ಬಂದರು. "ನೀರು ಬಂದಾಗ ನನಗೂ ಒಂದು ಕೂಗು ಹಾಕ್ರಿ" ಎಂದು ಅವರಿಗೆ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಹಟ ಬಿಡಬೇಕಲ್ಲ! ಹುಲಕೋಟಿಯ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಕೇಳುವ ಬದಲು, ನೀರು ಬಂದರೆ ಕೂಗುವ ಯಂತ್ರ ಮಾಡಲು ಹೊರಟೆ.

ಇಂಥ ಕೆಲಸಕ್ಕೆ ಅಂಗೈಯಗಲದ ಕಂಪ್ಯೂಟರ್ ಬೋರ್ಡ್ ಸಿಗುತ್ತದೆಂದು ಓದಿದ್ದೆ. ಗದಗಿನ ಅಂಗಡಿಯವ ನಕ್ಕ.

"ಅವು ಬರೂದ ನಿಂತಾವ್ರಿ ಸರ. ಬಂದ್ರೂ ಭಾಳ ತುಟ್ಟಿ. ಮನ್ಯಾಗ ಹಳೇ ಮೊಬೈಲ್ ಐತಿಲ್ರಿ? ಅದೂ ಕಂಪ್ಯೂಟರ್ ಅಲ್ಲೇನ್ರಿ?"

ಅವನ ಮಾತು ಕೇಳದೆ, ಅದರೊಳಗೂ ಒಂದು ಕಂಪ್ಯೂಟರ್ ಇರುತ್ತದೆಂದು ಗುಜರಿಯಿಂದ ಟಿವಿಯ ಹಳೆಯ ಸೆಟ್‌ಟಾಪ್ ಬಾಕ್ಸ್ ತಂದು ಬಿಚ್ಚಿದೆ. ಅದು ನನಗೆ ಬಗ್ಗಲಿಲ್ಲ. ಕೊನೆಗೆ ಗಾಜು ಒಡೆದ ನನ್ನ ಮೊಬೈಲನ್ನೇ ಹೊರತೆಗೆದೆ. ಇಯರ್‌ಫೋನಿನ ವೈರಿನಲ್ಲಿ ಒಂದು ಗುಂಡಿ ಇರುತ್ತದಲ್ಲ, ಒತ್ತಿದರೆ ಹಾಡು ಶುರುವಾಗುತ್ತದೆ. ಅದನ್ನು ನೀರೇ ಒತ್ತಿದರೆ? ಅಂಗಳದ ನಳ ತೆರೆದೇ ಬಿಟ್ಟು ಕೆಳಗೆ ಬಕೆಟ್ ಇಟ್ಟೆ, ಅದರಲ್ಲಿ ಥರ್ಮಾಕೋಲಿನ ತುಂಡು ಬಿಟ್ಟೆ. ನೀರು ಏರಿದಂತೆ ತುಂಡು ತೇಲಿ ಮೇಲೆ ಕಟ್ಟಿದ ಗುಂಡಿಯನ್ನು ಒತ್ತುತ್ತದೆ. ದನಿ ಒಳಕೋಣೆಗೆ ಕೇಳಲೆಂದು, ಕಿವಿಗಿಡುವ ತುದಿ ಕತ್ತರಿಸಿ ವೈರನ್ನು ಮನೆಯೊಳಗಿನ ಹಳೆಯ ಸ್ಪೀಕರಿಗೆ ಜೋಡಿಸಿದೆ.

ಹಾಡಿನ ಬದಲು ಏನು ಹಾಕುವುದು? "ನೀರು ಬಂದಾವು" ಎಂದು ನಾನೇ ರೆಕಾರ್ಡ್ ಮಾಡಿದೆ. ವಾರ್ತೆ ಓದಿದ ಹಾಗಿತ್ತು. ಬಾಗಿಲು ಹಾಕಿಕೊಂಡು, ಅವ್ವನಂತೆ ಎಳೆದು, ಮುಂದೆ "ಮಾಸ್ತರ" ಸೇರಿಸಿದೆ. ನನ್ನನ್ನು ನಾನೇ ಕರೆಯುವುದು ಕೇಳಿ ಮೊದಲು ನಗು ಬಂತು. ಆಮೇಲೆ ಬಹಳ ಬೇಜಾರಾಯಿತು.

ರವಿವಾರ ಮಧ್ಯಾಹ್ನ ಕಣ್ಣು ಹತ್ತಿತ್ತು. "ಮಾಸ್ತರ, ನೀರು ಬಂದಾವು!"

"ಬಂದೆ" ಎಂದು ಎದ್ದೆ. ಯಾರಿಗೆ ಹೇಳಿದೆನೆಂದು ತಿಳಿದದ್ದು ಅಂಗಳಕ್ಕೆ ಬಂದ ಮೇಲೆ.

ಕೊಡ ಹಿಡಿದೆ. ಒಮ್ಮೆ ಕರೆದು ಸುಮ್ಮನಾಗುವುದನ್ನು ಯಂತ್ರಕ್ಕೆ ಕಲಿಸಿರಲಿಲ್ಲ. ಒಳಗಿನಿಂದ ಅದು ಕರೆಯುತ್ತಲೇ ಇತ್ತು. ಆಗ ಗೋಡೆಯಾಚೆಯ ಹೊಸ ಬಾಡಿಗೆಯ ಹೆಣ್ಣುಮಗಳು ಮೊದಲ ಸಲ ನನ್ನನ್ನು ಮಾತಾಡಿಸಿದಳು.

"ಮಾಸ್ತರ, ನಿಮ್ಮನ್ಯಾಗ ಯಾರ ಬಂದಾರ್ರಿ? ಅವಾಗಿಂದ ಕರ್ಯಾಕತ್ತಾರ."

ಕೊಡ ತುಂಬಿ ಹೊರಗೆ ಚೆಲ್ಲುತ್ತಿತ್ತು.

"ಯಾರೂ ಬಂದಿಲ್ಲ ತಂಗಿ," ಎಂದೆ. "ನಾನ."