ಗಾದೆಪ್ಪ ಕೊಂಡ ಮೋಟಾರು ಗರಗಸ

ಗಾಳಿ ಎದ್ದಾಗ ಊರಿನವರೆಲ್ಲ ಒಳಗೆ ಓಡಿದರೆ ಗಾದೆಪ್ಪ ಹೊರಗೆ ಬಂದು ನಿಲ್ಲುತ್ತಿದ್ದ. ಹೆಂಗಸರು ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ ಬಳಿದುಕೊಳ್ಳುತ್ತಿದ್ದರು, ಗಂಡಸರು ದನ ಒಳಗೆ ಕಟ್ಟುತ್ತಿದ್ದರು. ಈತ ಮಾತ್ರ ಅಂಗಳದ ನಡುವೆ ನಿಂತು ಸುತ್ತಲಿನ ಮರಗಳನ್ನು ಒಂದೊಂದಾಗಿ ನೋಡುತ್ತಿದ್ದ. ಯಾವ ಟೊಂಗೆ ಒಣಗಿದೆ, ಯಾವುದರ ಕೆಳಗೆ ಮನೆ ಇದೆ, ಯಾವುದರ ಕೆಳಗೆ ಮನುಷ್ಯರಿದ್ದಾರೆ. ಹೆಂಡತಿ ಗಿಡ್ಡಮ್ಮ ಬಾಗಿಲಲ್ಲಿ ನಿಂತು ಎರಡು ಸಲ ಕರೆದು, ಮೂರನೆಯ ಸಲ ಕರೆಯದೆ ಒಳಗೆ ಹೋಗುತ್ತಿದ್ದಳು. ಹನ್ನೆರಡು ವರ್ಷದಿಂದ ಅವಳಿಗೆ ಇದು ರೂಢಿಯಾಗಿತ್ತು.

ಗಾದೆಪ್ಪ ಕೋಗಳಿಯವನು. ಕೋಗಳಿಯಿಂದ ಕೊಟ್ಟೂರಿನ ಕಡೆಗೆ ಹೋಗುವ ರಸ್ತೆಯ ಗ್ಯಾಂಗಿನಲ್ಲಿ ಇಪ್ಪತ್ತಾರು ವರ್ಷ ದುಡಿದ. ಗುಂಡಿ ಮುಚ್ಚುವುದು, ಮೈಲುಗಲ್ಲಿಗೆ ಸುಣ್ಣ ಬಳಿಯುವುದು, ಮಳೆಗಾಳಿಗೆ ಬಿದ್ದ ಮರ ಕಡಿದು ದಾರಿ ಬಿಡಿಸುವುದು ಅವನ ಕೆಲಸ. ಅದೇ ಗ್ಯಾಂಗಿನಲ್ಲಿದ್ದ ದುರುಗಪ್ಪ ಅವನ ಓಣಿಯವನೇ. ದೊಡ್ಡ ಮರ ಬಿದ್ದಾಗ ಬಾಡಿಗೆಗೆ ತಂದ ಉದ್ದ ಗರಗಸದ ಒಂದು ತುದಿ ಗಾದೆಪ್ಪನ ಕೈಯಲ್ಲಿ, ಇನ್ನೊಂದು ದುರುಗಪ್ಪನ ಕೈಯಲ್ಲಿ. ಇಬ್ಬರ ಎಳೆತ ಎಷ್ಟು ಹೊಂದಿತ್ತೆಂದರೆ ಗರಗಸ ತಾನಾಗಿಯೇ ಓಡಾಡಿದಂತೆ ಕಾಣುತ್ತಿತ್ತು.

ಎಪ್ಪತ್ತಮೂರನೆಯ ಇಸವಿಯ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ, ಇಬ್ಬರೇ ರಸ್ತೆಯ ಮೇಲಿದ್ದರು. ಉಳಿದವರು ಮುಂದಿನ ಮೈಲಿಯಲ್ಲಿ ಜಲ್ಲಿ ಹರಡುತ್ತಿದ್ದರು. ಕೆಂಧೂಳು ಮುಖಕ್ಕೆ ಬಡಿಯುವಂಥ ಗಾಳಿ ಬಂತು, ಬೆನ್ನಿಗೇ ಮಳೆ ಹನಿಯತೊಡಗಿತು. ಸಲಿಕೆ, ಬುಟ್ಟಿಗಳನ್ನು ಹುಣಸೆ ಮರದ ಬುಡಕ್ಕೆ ಸೇರಿಸಲು ದುರುಗಪ್ಪ ಬಗ್ಗಿದ. ಮರದ ಅರ್ಧ ಭಾಗವೇ ಸೀಳಿ ಅವನ ಸೊಂಟದ ಮೇಲೆ ಬಿತ್ತು.

ಗಾದೆಪ್ಪನ ಹತ್ತಿರ ಇದ್ದದ್ದು ಒಂದು ಕೊಡಲಿ. ಎತ್ತಿ ಹೊಡೆದ. ಹುಣಸೆಯ ಕಟ್ಟಿಗೆ ಕಬ್ಬಿಣದಂಥದ್ದು. ಹೊಡೆದ ಪ್ರತಿ ಏಟೂ ಟೊಂಗೆಯ ಉದ್ದಕ್ಕೂ ಹರಿದು ದುರುಗಪ್ಪನ ಮೈಗೆ ಹೋಗಿ ತಾಗುತ್ತಿತ್ತು. ಪ್ರತಿ ಏಟಿಗೂ ಅವನ ಉಸಿರು ನಿಂತು ಮತ್ತೆ ಬರುತ್ತಿತ್ತು.

"ನಿಲ್ಲಿಸಲೇ," ಅಂದ ದುರುಗಪ್ಪ. ಗಾದೆಪ್ಪ ಕೊಡಲಿ ಕೆಳಗಿಟ್ಟ. "ಎಲ್ಲಿಗೂ ಹೋಗಬ್ಯಾಡ. ಇಲ್ಲೇ ಕುಂದ್ರು."

ಗಾದೆಪ್ಪ ಸ್ವಲ್ಪ ಹೊತ್ತು ಕುಳಿತ. ಆಮೇಲೆ ಎದ್ದ. ಕೊಟ್ಟೂರಿನಿಂದ ಗರಗಸ ತರುತ್ತೇನೆಂದು ಹೇಳಿ ಸೈಕಲ್ ಹತ್ತಿದ. ಕಟ್ಟಿಗೆ ಕೊಯ್ಯುವ ಅಡ್ಡೆಯವರನ್ನು ಲಾರಿಯಲ್ಲಿ ಕೂರಿಸಿಕೊಂಡು ತಿರುಗಿ ಬಂದಾಗ ಮಳೆ ನಿಂತಿತ್ತು. ದುರುಗಪ್ಪನ ಜೀವ ಹೋಗಿತ್ತು. ಕೈಗೆ ಎಟುಕುವಷ್ಟು ದೂರದ ಹುಲ್ಲನ್ನೆಲ್ಲ ಅವನು ಕಿತ್ತುಹಾಕಿದ್ದ.

ಸುತ್ತ ನಿಂತವರು ಕೇಳಿದರು. ಗಾದೆಪ್ಪ ಹೇಳಿದ: "ಅವನೇ ಹೇಳಿದ. ನೀ ಹೋಗು, ಗರಗಸ ತಗೊಂಡು ಬಾ, ನಾನು ಇರತೀನಿ ಅಂತ." ಎಲ್ಲರೂ ನಂಬಿದರು. ದುರುಗಪ್ಪನ ಹೆಂಡತಿ ಮಾಳಮ್ಮನಿಗೂ ಅದನ್ನೇ ಹೇಳಿದ. ಅವಳು ಏನೂ ಅನ್ನಲಿಲ್ಲ.

ಅಂದಿನಿಂದ ಕೊಡಲಿಯ ಸದ್ದು ಅವನಿಗೆ ಆಗಿಬರಲಿಲ್ಲ. ಗಿಡ್ಡಮ್ಮ ಅವನು ಕೆಲಸಕ್ಕೆ ಹೋದ ಮೇಲೆಯೇ ಕಟ್ಟಿಗೆ ಒಡೆಯುತ್ತಿದ್ದಳು. ಯಾರದೋ ಹಿತ್ತಲಿನಿಂದ ಟೊಕ್ಕನೆ ಸದ್ದು ಬಂದರೆ ಊಟದ ನಡುವೆ ಕೈ ತೊಳೆದು ಎದ್ದುಬಿಡುತ್ತಿದ್ದ. ಏಟು ಬಿದ್ದ ಮೇಲೆ ಬರುವ ಆ ಒಂದು ಗಳಿಗೆಯ ಮೌನದಲ್ಲಿ ಅವನ ಕಿವಿ ಇನ್ನೊಬ್ಬರ ಉಸಿರಿಗಾಗಿ ಕಾಯುತ್ತಿತ್ತು.

ಇನ್ನೊಂದನ್ನು ಅವನು ಯಾರಿಗೂ ಹೇಳಿರಲಿಲ್ಲ. ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಬರುವಾಗ ಆ ಹುಣಸೆ ಬುಡ ದಾಟುತ್ತಲೇ ಸೈಕಲ್ ಭಾರವಾಗುತ್ತಿತ್ತು. ಹಿಂದಿನ ಕ್ಯಾರಿಯರ್ ಮೇಲೆ ಯಾರೋ ಹತ್ತಿ ಕೂತಂತೆ. ಇಳಿಜಾರಿನಲ್ಲೂ ತುಳಿಯಬೇಕಾಗುತ್ತಿತ್ತು. ಊರ ಹೊರಗಿನ ಬಾವಿಯ ಹತ್ತಿರ ಭಾರ ಇಳಿದುಹೋಗುತ್ತಿತ್ತು. ಅಷ್ಟು ವರ್ಷದಲ್ಲಿ ಒಮ್ಮೆಯೂ ಅವನು ಹಿಂದಿರುಗಿ ನೋಡಲಿಲ್ಲ. ನೋಡಿದರೆ ಯಾರೂ ಇಲ್ಲದೆ ಇರಬಹುದು ಎಂಬುದೂ ಅವನಿಗೆ ಒಂದು ಅಂಜಿಕೆಯೇ ಆಗಿತ್ತು.

ಮಾಳಮ್ಮನ ಹೊಲವನ್ನು ಅವನೇ ಬಿತ್ತಿಕೊಟ್ಟ. ಮಾಳಿಗೆಗೆ ಮಣ್ಣು ಹಾಕಿಸಿದ. ರಜೆಯ ದಿನ ಮೇವು ತಂದು ಒಟ್ಟಿದ. ಊರಿನವರು ಒಳ್ಳೆಯ ಗೆಳೆಯ ಎಂದರು. ಆ ಮಾತು ಕಿವಿಗೆ ಬಿದ್ದ ದಿನ ಅವನು ರೊಟ್ಟಿ ತಾಟಿನಲ್ಲೇ ಬಿಟ್ಟು ಏಳುತ್ತಿದ್ದ.

ಎಂಬತ್ತನಾಲ್ಕರಲ್ಲಿ ನಿವೃತ್ತಿಯಾಯಿತು. ಅದಕ್ಕೆ ಮೊದಲಿನ ತಿಂಗಳು ಕರೆಂಟಿನ ತಂತಿ ಎಳೆಯಲು ಬಂದ ಗುತ್ತಿಗೆದಾರನ ಆಳುಗಳು ರಸ್ತೆ ಬದಿಯ ಮರ ಸವರುತ್ತಿದ್ದರು. ಅವರ ಕೈಯಲ್ಲಿ ಪೆಟ್ರೋಲಿನಿಂದ ಓಡುವ ಮೋಟಾರು ಗರಗಸವಿತ್ತು. ಚಪ್ಪಟೆ ಪಟ್ಟಿಯ ಸುತ್ತ ಹಲ್ಲಿನ ಸರಪಳಿ ತಿರುಗುತ್ತಿತ್ತು. ತೊಡೆ ದಪ್ಪದ ಟೊಂಗೆಯನ್ನು ಅದು ಕೊಯ್ಯುವಾಗ ಗಾದೆಪ್ಪ ಹತ್ತಿರ ಹೋಗಿ ಟೊಂಗೆಯ ಇನ್ನೊಂದು ತುದಿಯ ಮೇಲೆ ಅಂಗೈ ಇಟ್ಟ. ಸಣ್ಣಗೆ ಜುಮುಜುಮು ಎಂದಿತು, ಅಷ್ಟೇ. ಏಟು ಇರಲಿಲ್ಲ. ಆಳು ಗದರಿದರೂ ಕೈ ತೆಗೆಯಲು ಮನಸ್ಸು ಬರಲಿಲ್ಲ.

"ನಾನೊಂದು ಅಂಥಾದ್ದು ತಗೊಳ್ಳಾಕ ಬೇಕು," ಅಂದ ಮನೆಯಲ್ಲಿ.

"ವರ್ಷಕ್ಕ ಎರಡು ಟೊಂಗಿ ಬೀಳ್ತಾವ," ಅಂದಳು ಗಿಡ್ಡಮ್ಮ. "ಅದಕ್ಕ ಮಿಷನ್ನು ಯಾಕ್ರಿ? ನೀವೇನು ಕಟ್ಟಿಗಿ ಅಡ್ಡೆ ಇಡತೀರೇನು?"

ಅವಳು ಅವನ ಮುಖ ನೋಡಿ ಮತ್ತೆ ಕೇಳಲಿಲ್ಲ.

ಹೊಸಪೇಟೆಗೆ ಹೋದ. ಅಲ್ಲಿಯ ಅಂಗಡಿಯವನು ಹೊಸದರ ಬೆಲೆ ಹೇಳಿದಾಗ ಗಾದೆಪ್ಪ ಎರಡನೆಯ ಸಲ ಕೇಳಿ ಖಾತ್ರಿ ಮಾಡಿಕೊಂಡ. ಅಷ್ಟಕ್ಕೆ ಎರಡು ಜೊತೆ ಎತ್ತು ಬರುತ್ತಿದ್ದವು. ಕರೆಂಟಿನಿಂದ ಓಡುವ ಗರಗಸ ಅಗ್ಗಕ್ಕಿತ್ತು. ಆದರೆ ಗಾಳಿಮಳೆ ಬಂದರೆ ಮೊದಲು ಹೋಗುವುದೇ ಕರೆಂಟು. ಅಂಗಡಿಯವನು ಕೊನೆಗೆ ಗೋಡೆಗೆ ನೇತುಹಾಕಿದ್ದ ಇಬ್ಬರು ಎಳೆಯುವ ಉದ್ದ ಗರಗಸ ಇಳಿಸಿ ತೋರಿಸಿದ.

"ಎಲ್ಲಕ್ಕಿಂತ ಸೋವಿ ಇದು. ಜೀವನಪೂರ್ತಿ ಬಾಳಿಕಿ ಬರತೈತಿ. ಹಿಡೀರಿ ಯಜಮಾನ್ರ, ನೋಡೋಣ."

ಗಾದೆಪ್ಪ ಒಂದು ತುದಿ ಹಿಡಿದ. ಇನ್ನೊಂದು ತುದಿ ಹಿಡಿಯಲು ಅಂಗಡಿಯವನು ಬಗ್ಗುವ ಮೊದಲೇ ಅದನ್ನು ಕೌಂಟರಿನ ಮೇಲಿಟ್ಟು ಹೊರಗೆ ಬಂದುಬಿಟ್ಟ.

ಹಗರಿಬೊಮ್ಮನಹಳ್ಳಿಯಲ್ಲಿ ಪಂಪ್‌ಸೆಟ್ ಎಂಜಿನ್ ರಿಪೇರಿ ಮಾಡುವ ನಾಗೇಂದ್ರಪ್ಪ ಅವನಿಗೆ ಪರಿಚಯದವನು. ವಿಷಯ ಕೇಳಿ, ತಾನೇ ಜೊತೆಗೆ ಬರುತ್ತೇನೆಂದ. ದಾವಣಗೆರೆಯಲ್ಲಿ ಮುಚ್ಚಿಹೋಗಿದ್ದ ಒಂದು ಅಡ್ಡೆಯವರು ಹಳೆಯ ಗರಗಸಗಳನ್ನು ಮಾರುತ್ತಿದ್ದರು. ಅಲ್ಲಿ ಎರಡಿದ್ದವು. ಒಂದು ದೊಡ್ಡದು, ಬಣ್ಣ ಹೊಳೆಯುತ್ತಿತ್ತು. ಇನ್ನೊಂದು ಚಿಕ್ಕದು, ಪಟ್ಟಿ ಒಂದು ಗೇಣಿಗಿಂತ ತುಸು ಹೆಚ್ಚು, ಹಿಡಿಕೆಗೆ ಸೈಕಲ್ ಟ್ಯೂಬು ಸುತ್ತಿತ್ತು.

ನಾಗೇಂದ್ರಪ್ಪ ಎರಡನ್ನೂ ಮುಟ್ಟಿ ನೋಡಿದ. "ದೊಡ್ಡದು ಬಿಸಿ ಐತಿ," ಅಂದ ಮೆಲ್ಲಗೆ. "ನಾವು ಬರೋಕಿಂತ ಮೊದಲ ಚಾಲೂ ಮಾಡಿ ಇಟ್ಟಾರ. ತಣ್ಣಗಿದ್ದಾಗ ಹತ್ತಂಗಿಲ್ಲ ಅದು." ಚಿಕ್ಕದರ ಹಗ್ಗ ನಿಧಾನಕ್ಕೆ ಎಳೆದ. ಒಳಗಿನಿಂದ ಯಾರೋ ಹಿಡಿದುಕೊಂಡಂತೆ ಬಿಗಿ ಇತ್ತು. ಸರಪಳಿಯನ್ನು ಬೆರಳಿನಿಂದ ಎತ್ತಿ ಬಿಟ್ಟ, ಟಪ್ಪನೆ ಪಟ್ಟಿಗೆ ಕೂತಿತು. ಮೂರನೆಯ ಎಳೆತಕ್ಕೆ ಎಂಜಿನ್ ಹತ್ತಿಕೊಂಡಿತು.

"ಎಂಥಾ ಮರ ಕೊಯ್ಯಾಕ ಬೇಕಾಗಿತ್ತು ಅಣ್ಣಾರ? ಅದರ ಮ್ಯಾಲೆ ಹೇಳತೀನಿ."

"ಕೆಳಗ ಮನುಷ್ಯಾ ಇದ್ದಾಗ ಕೊಯ್ಯಾಕ," ಅಂದ ಗಾದೆಪ್ಪ.

ನಾಗೇಂದ್ರಪ್ಪ ಎಂಜಿನ್ ಆರಿಸಿದ. "ಹಂಗಾರ ಸಣ್ಣದ ಬೇಕು," ಅಂದ. "ದೊಡ್ಡದನ್ನ ನಿಮ್ಮ ವಯಸ್ಸಿಗೆ ಹತ್ತು ನಿಮಿಷ ಎತ್ತಿ ಹಿಡಿಯಾಕ ಆಗಂಗಿಲ್ಲ. ತೋಳು ಸೋತ್ರ ಕೆಟ್ಟೋತು. ಪಟ್ಟಿ ತುದಿ ಎಲ್ಲೂ ತಾಗಿಸಬ್ಯಾಡ್ರಿ, ಹಿಂದಕ್ಕ ಒದ್ದು ಮಾರಿಗೆ ಬರತೈತಿ. ಭಾರ ಬಿದ್ದ ಟೊಂಗಿ ಇದ್ರ ಮೊದಲ ಒತ್ತು ಬಿದ್ದ ಕಡಿ ಒಂದೀಟು ಗೀರ್ರಿ, ಆಮ್ಯಾಲೆ ಎದುರಿನಿಂದ ಬರ್ರಿ. ಇಲ್ಲಾಂದ್ರ ಸರಪಳಿ ಕಚ್ಚಿಕೊಂಡು ಬಿಡತೈತಿ."

ಚಿಕ್ಕದನ್ನೇ ಕೊಂಡ. ಹೊಸದರ ಬೆಲೆಯ ಕಾಲು ಭಾಗಕ್ಕೆ ಬಂತು. ಮನೆಗೆ ತಂದು ಗೋಣಿಚೀಲದಲ್ಲಿ ಸುತ್ತಿ ಇಟ್ಟ. ಪ್ರತಿ ಸೋಮವಾರ ಹೊರಗೆ ತೆಗೆದು, ಹಲ್ಲಿಗೆ ಅರ ಹಾಕಿ, ಒಮ್ಮೆ ಚಾಲೂ ಮಾಡಿ ಆರಿಸುತ್ತಿದ್ದ. ಕೊಯ್ಯಲು ಮಾತ್ರ ಏನೂ ಇರಲಿಲ್ಲ. ಗಿಡ್ಡಮ್ಮ ಅದರ ಸದ್ದಿಗೆ ಕಿವಿ ಮುಚ್ಚಿಕೊಂಡರೂ, ಆ ಸದ್ದು ಇರುವಷ್ಟು ಹೊತ್ತು ಗಂಡನ ಮುಖ ಸಡಿಲವಾಗುವುದನ್ನು ಕಂಡಳು.

ಎಂಬತ್ತೈದರ ಕೃತ್ತಿಕೆ ಮಳೆಯ ಮುಂದಿನ ಗಾಳಿ ಮೂರು ಗಂಟೆಯ ಸುಮಾರಿಗೆ ಬಂತು. ಅಂಗಳದಲ್ಲಿ ನಿಂತಿದ್ದ ಗಾದೆಪ್ಪನಿಗೆ ಓಣಿಯ ಕೊನೆಯ ಬೇವಿನ ಮರದ ತಲೆ ಕಾಣದಾಯಿತು. ಅದು ಮಾಳಮ್ಮನ ಹಿತ್ತಲಿನ ಮರ.

ಅವನು ಗೋಣಿಚೀಲ ಹೆಗಲಿಗೆ ಹಾಕಿ ಹೋದಾಗ ಮರ ದನದ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಬಿದ್ದಿತ್ತು. ದೊಡ್ಡ ಟೊಂಗೆಯೊಂದು ಬಾಗಿಲ ಮೇಲಿನ ಕಲ್ಲಿನ ಮೇಲೆ ಊರಿತ್ತು. ಎಮ್ಮೆ ಕಟ್ಟಲು ಒಳಗೆ ಹೋಗಿದ್ದ ಮಾಳಮ್ಮ ಅಲ್ಲೇ ಸಿಕ್ಕಿಕೊಂಡಿದ್ದಳು. ಗಾಯವಾಗಿರಲಿಲ್ಲ. ಪಕ್ಕದ ಮನೆಯ ಹನುಮಣ್ಣ ಕೊಡಲಿ ಎತ್ತಿ ಒಂದು ಏಟು ಹಾಕಿದ್ದ. ಮಾಳಿಗೆಯ ಮಣ್ಣು ಒಳಗೆ ಸುರಿಯಿತು.

"ಕೊಡಲಿ ಹಾಕಬ್ಯಾಡ್ರಿ," ಅಂದ ಗಾದೆಪ್ಪ. ಅವನ ದನಿ ಕೇಳಿ ಹನುಮಣ್ಣ ಕೊಡಲಿ ಕೆಳಗಿಟ್ಟ.

ನಾಗೇಂದ್ರಪ್ಪ ಹೇಳಿದ ಹಾಗೆ ಮೊದಲು ಮೇಲಿನಿಂದ ಗೀರಿ, ಆಮೇಲೆ ಕೆಳಗಿನಿಂದ ಬಂದ. ಸುತ್ತಲಿನ ಸಣ್ಣ ಟೊಂಗೆಗಳೆಲ್ಲ ಬಿದ್ದವು. ದೊಡ್ಡದರ ಅರ್ಧಕ್ಕೆ ಬಂದಾಗ ಪೆಟ್ರೋಲ್ ಮುಗಿದು ಎಂಜಿನ್ ನಿಂತಿತು. ಕಾದ ಎಂಜಿನ್ನಿಗೆ ಪೆಟ್ರೋಲ್ ಸುರಿಯುವಂತಿರಲಿಲ್ಲ, ಆರುವವರೆಗೆ ಕಾಯಬೇಕಿತ್ತು. ಬುಡವನ್ನು ಎಳೆಯಲು ಎತ್ತು, ಸರಪಣಿ ತರುತ್ತೇವೆಂದು ಹನುಮಣ್ಣ ಮತ್ತು ಉಳಿದವರು ಹೊರಟರು. ಗಾದೆಪ್ಪನೂ ಎದ್ದ.

"ಗಾದಣ್ಣ, ಅದಿಯೇನು?" ಎಲೆಗಳ ಹಿಂದಿನಿಂದ ಮಾಳಮ್ಮನ ದನಿ ಬಂತು.

"ಅದೀನಿ."

"ಎಲ್ಲಿಗೂ ಹೋಗಬ್ಯಾಡ. ಇಲ್ಲೇ ಕುಂದ್ರು."

ಗಾದೆಪ್ಪ ಕುಳಿತ. ಒಳಗೆ ಎಮ್ಮೆ ಮೆಲುಕು ಹಾಕುವ ಸದ್ದು ಕೇಳುತ್ತಿತ್ತು. ಕೊಯ್ದ ಬೇವಿನ ಕಹಿ ವಾಸನೆ ಮೂಗಿಗೆ ಹತ್ತಿತ್ತು. ಅವಳ ಮುಖ ಕಾಣುತ್ತಿರಲಿಲ್ಲ. ಕಂಡಿದ್ದರೆ ಅವನ ಬಾಯಿಂದ ಮಾತು ಬರುತ್ತಿರಲಿಲ್ಲವೇನೋ.

"ತಂಗೀ, ದುರುಗ ನನಗ ಹೋಗು ಅಂದಿರಲಿಲ್ಲ," ಅಂದ. "ಅವನೂ ಹಿಂಗ ಅಂದ. ಹೋಗಬ್ಯಾಡ, ಕುಂದ್ರು ಅಂದ. ನಾನ ಎದ್ದು ಹ್ವಾದೆ. ಗರಗಸ ತರಾಕ ಅಂತ ಹೇಳಿದೆ. ಖರೇ ಅಂದ್ರ ಅವನ ಮಾರಿ ನೋಡಾಕ ಆಗದ ಹ್ವಾದೆ."

"ಗೊತ್ತಿತ್ತು," ಅಂದಳು ಮಾಳಮ್ಮ. "ಬಯಲಿಗೆ ಹೋಗಬೇಕಾದ್ರೂ ಯಾರನ್ನಾರ ಜೊತಿಗೆ ಕರಕೊಂಡು ಹೋಗತಿದ್ದ ಅವ. ಅಂಥಾವ ನಿನ್ನ ಕಳಿಸಿ ಒಬ್ಬನ ಇರತೀನಿ ಅಂತಾನೇನು? ನೀ ಹೇಳಿದಾಗ ನನಗ ತಿಳೀತು."

"ಮತ್ತ ಕೇಳಲಿಲ್ಲಲ್ಲ."

"ಕೇಳಿದ್ರ ನೀನು ನಮ್ಮ ಮನಿ ಕಡಿ ತಿರುಗಿ ನೋಡತಿದ್ದೇನು? ಹೊಲ ಯಾರು ಬಿತ್ತತಿದ್ರು?" ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಮರುಕವೂ ಇರಲಿಲ್ಲ. "ಈಗ ಹೇಳು. ಏನೇನಂದ, ಎಲ್ಲಾ ಹೇಳು. ಒಂದೂ ಬಿಡಬ್ಯಾಡ."

ಗಾದೆಪ್ಪ ಹೇಳಿದ. ಹನ್ನೆರಡು ವರ್ಷ ಬಾಯೊಳಗೆ ಇಟ್ಟುಕೊಂಡದ್ದನ್ನು ಮೊದಲಿನಿಂದ ಹೇಳಿದ. ದುರುಗಪ್ಪ ನೀರು ಕೇಳಿದ್ದು, ಮಡಕೆ ಒಡೆದುಹೋಗಿದ್ದು, ಅಂಗಿಯನ್ನು ಮಳೆಯಲ್ಲಿ ತೋಯಿಸಿ ಬಾಯಿಗೆ ಹಿಂಡಿದ್ದು. "ನಿನ್ನ ಹೆಸರು ತಗದ. ಮಾಳಿ ಜ್ವಾಳ ಬೀಸಾಕ ಕೊಟ್ಟಾಳ, ಹಿಟ್ಟು ತಗೊಂಡು ಬಾ ಅಂದಿದ್ಲು, ಗಿರಣಿ ಮುಚ್ಚತೈತಿ ಅಂದ."

ಮಾಳಮ್ಮ ಆಗ ಅತ್ತಳು. ಗಾದೆಪ್ಪ ಅವಳು ಅಳುವುದನ್ನು ಹೊರಗೆ ಕುಳಿತು ಕೇಳಿದ. ಎದ್ದು ಹೋಗಬೇಕೆಂದು ಮೈಯೆಲ್ಲ ಹೇಳುತ್ತಿತ್ತು. ಹೋಗಲಿಲ್ಲ.

"ಆ ಹಿಟ್ಟು ಹದಿನೈದು ದಿನ ಗಿರಣಿಯಾಗ ಇತ್ತು," ಅಂದಳು ಆಮೇಲೆ. "ಗಿರಣಿಯವ ತಂದುಕೊಟ್ಟ. ಹುಳ ಬಿದ್ದಿದ್ದವು."

ಎಂಜಿನ್ ತಣ್ಣಗಾಯಿತು. ಗಾದೆಪ್ಪ ಪೆಟ್ರೋಲ್ ಸುರಿದು ಹಗ್ಗ ಎಳೆದ. ದೊಡ್ಡ ಟೊಂಗೆ ಎರಡು ತುಂಡಾಗಿ ಕೆಳಗೆ ಕೂತಿತು. ಗೋಡೆ ಅಲುಗಲಿಲ್ಲ. ಎತ್ತುಗಳು ಬರುವ ಹೊತ್ತಿಗೆ ಮಾಳಮ್ಮ ಹೊರಗೆ ಬಂದಿದ್ದಳು. ಸೀರೆಗೆ ಹತ್ತಿದ ಮಣ್ಣು ಕೊಡವಿ, ಹನುಮಣ್ಣನಿಗೆ ಎಮ್ಮೆ ಬಿಚ್ಚಲು ಹೇಳಿ, ಗಾದೆಪ್ಪನ ಕಡೆ ನೋಡದೆ ಒಳಗೆ ಹೋದಳು.

ಆಮೇಲೆ ಅವನು ಅವಳ ಹೊಲಕ್ಕೆ ಬಿತ್ತಲು ಹೋದಾಗ ಬೇರೆಯವರು ಬಿತ್ತಿಯಾಗಿತ್ತು. ತಗಾದೆ ತೆಗೆಯಲಿಲ್ಲ, ತಿರುಗಿ ಬಂದ. ಕೋಗಳಿಯಲ್ಲೂ ಸುತ್ತಲ ಊರುಗಳಲ್ಲೂ ಮರ ಬಿದ್ದರೆ ಜನ ಅವನನ್ನು ಕರೆಯತೊಡಗಿದರು. ಪೆಟ್ರೋಲ್ ಹಾಕಿಸಿದರೆ ಸಾಕು, ಹೋಗುತ್ತಿದ್ದ. ಕೊಟ್ಟೂರಿನ ರಸ್ತೆಯಲ್ಲಿ ಸೈಕಲ್ ಮೊದಲಿನಂತೆಯೇ ಭಾರವಾಗುತ್ತಿತ್ತು. ಒಂದು ಸಂಜೆ ಮಾತ್ರ, ತುಳಿಯುತ್ತ ತುಳಿಯುತ್ತ, ಹಿಂದೆ ತಿರುಗದೆ ಅವನು ಅಂದ: "ಕುಂದ್ರಪಾ. ಅರ್ಜೆಂಟೇನಿಲ್ಲ." ಅಂದಿನಿಂದ ಆ ಭಾರಕ್ಕೆ ಅವನು ಅಂಜಲಿಲ್ಲ.

ಪ್ರತಿ ಸೀಗಿ ಹುಣ್ಣಿಮೆಗೆ ಮಾಳಮ್ಮನ ಮನೆಯಿಂದ ಬುತ್ತಿ ಬರುವುದು ವಾಡಿಕೆಯಾಗಿತ್ತು. ಆ ವರ್ಷ ಬರಲಿಲ್ಲ. ಗಿಡ್ಡಮ್ಮ ಯಾಕೆಂದು ಕೇಳಿದಾಗ ಗಾದೆಪ್ಪ ಅವಳಿಗೂ ಎಲ್ಲವನ್ನೂ ಹೇಳಿದ. ಅದರ ಮರುವರ್ಷವೂ ಬರಲಿಲ್ಲ. ಎಂಬತ್ತೇಳರ ಹುಣ್ಣಿಮೆಯ ದಿನ, ಇಬ್ಬರೂ ಊಟಕ್ಕೆ ಕೂತಿದ್ದಾಗ, ಮಾಳಮ್ಮ ತಾನೇ ಬಾಗಿಲಿಗೆ ಬಂದಳು. ಬಟ್ಟೆಯಲ್ಲಿ ಕಟ್ಟಿದ ಬುತ್ತಿಯನ್ನು ಗಿಡ್ಡಮ್ಮನ ಕೈಗೆ ಕೊಟ್ಟು, "ಸಜ್ಜಿ ರೊಟ್ಟಿ, ಪುಂಡಿಪಲ್ಲೆ ಐತಿ. ಬಿಸಿ ಇದ್ದಾಗ ತಿನ್ರಿ," ಅಂದು, ಕೂರದೆ ಹೊರಟುಹೋದಳು.

ಗಾದೆಪ್ಪ ಗಂಟು ಬಿಚ್ಚಿದ. ರೊಟ್ಟಿ ಮುರಿದು ಅರ್ಧ ಗಿಡ್ಡಮ್ಮನ ತಾಟಿಗೆ ಹಾಕಿ, ಉಳಿದರ್ಧ ತಿನ್ನತೊಡಗಿದ.