ಮೇಯರ್ ತಿಂದ ಒಂಬತ್ತು ಜಿರಳೆ

ಬಾಡಿಗೆ ಮನೆ ತಪಾಸಣೆಗೆ ಬರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೂರು ತಿಂಗಳಿಗೊಮ್ಮೆ ಬರುತ್ತಾರೆ, ಓವನ್ನಿನ ಬಾಗಿಲು ತೆಗೆದು ಇಣುಕುತ್ತಾರೆ, ಕಕ್ಕಸಿನ ಮೂಲೆ ನೋಡುತ್ತಾರೆ, ಹಾಳೆಯ ಮೇಲೆ ಏನೋ ಗೀಚಿಕೊಂಡು ಹೋಗುತ್ತಾರೆ. ಆಸ್ಟ್ರೇಲಿಯಾದ ಇಪ್ಸ್‌ವಿಚ್‌ನಲ್ಲಿ ನಮ್ಮ ಬೀದಿಗೆ ಬರುವವಳು ಜಾನೆಲ್, ಮನೆ ಮಾಲೀಕರ ಪರವಾಗಿ ಬಾಡಿಗೆ ನೋಡಿಕೊಳ್ಳುವ ಏಜೆಂಟು. ಅರ್ಧ ಬೀದಿಯ ಬೀಗದ ಕೈ ಅವಳ ಚೀಲದಲ್ಲಿದೆ, ಆ ಜಂಬವೆಲ್ಲ ಅವಳ ನಡಿಗೆಯಲ್ಲಿದೆ.

ನನ್ನ ಪಕ್ಕದ ಬಾಡಿಗೆ ಮನೆಯವಳು ಬೆರಿಲ್ ಹಾಸ್ಕಿನ್. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಎಂಥ ಪುಂಡ ಹುಡುಗರೂ ಅವಳ ಬಸ್ಸಿನಲ್ಲಿ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ಅವಳನ್ನು ಆಳುತ್ತಿದ್ದದ್ದು ಒಂದು ಉಡ. ಮೊಳದುದ್ದದ, ಮುಳ್ಳುಬಾಲದ ಕೆಂಪು ಉಡ, ಹೆಸರು ಮೇಯರ್. ಬೆರಳಿನಷ್ಟು ಮರಿಯಾಗಿದ್ದಾಗ ತಂದು ಹದಿನೇಳು ವರ್ಷ ಸಾಕಿದ್ದಳು. ಇದೆಂಥ ಹೆಸರು ಎಂದು ಯಾರಾದರೂ ಕೇಳಿದರೆ, ತಿನ್ನುತ್ತಾನೆ, ಬಿಸಿಲು ಕಾಯುತ್ತಾನೆ, ಮಾತಾಡಿಸಿದರೆ ಬೆನ್ನು ತಿರುಗಿಸುತ್ತಾನೆ, ಇನ್ನೇನಂತ ಕರೆಯಲಿ ಎನ್ನುತ್ತಿದ್ದಳು.

ಮೇಯರ್‌ಗೆ ಜೀವಂತ ಜಿರಳೆಯೇ ಆಗಬೇಕು. ಅಲ್ಲಾಡದ್ದನ್ನು ಅವನು ಮೂಸಿಯೂ ನೋಡನು. ಅದಕ್ಕೆಂದೇ ಬೆರಿಲ್ ಕಂಬಗಳ ಮೇಲೆ ನಿಂತ ತನ್ನ ಮನೆಯ ಕೆಳಗೆ, ಬಟ್ಟೆ ಒಗೆಯುವ ಜಾಗದಲ್ಲಿ, ನಾಲ್ಕು ದೊಡ್ಡ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಕಾಡುಜಿರಳೆ ಬೆಳೆಸುತ್ತಿದ್ದಳು. ಮೊಟ್ಟೆಯ ಟ್ರೇಗಳ ಸಂದಿಯಲ್ಲಿ ಅವುಗಳ ವಾಸ, ಕ್ಯಾರೆಟ್ಟು ಮತ್ತು ಕೋಳಿಯ ಕಾಳು ಊಟ. ಡಬ್ಬಿಯ ನುಣುಪು ಗೋಡೆ ಹತ್ತುವುದು ಆ ಜಾತಿಗೆ ಬಾರದು, ಒಂದೂ ಹೊರಗೆ ಬರುತ್ತಿರಲಿಲ್ಲ. ನನ್ನ ಅಡಿಗೆಮನೆಗಿಂತ ಆ ಡಬ್ಬಿಗಳೇ ಚೊಕ್ಕಟವಾಗಿದ್ದವು, ಸುಳ್ಳು ಯಾಕೆ ಹೇಳಲಿ.

ಎರಡು ವರ್ಷದ ಹಿಂದೆ ಮೇಯರ್‌ನ ಸೊಂಟ ಬಿತ್ತು. ಜಿರಳೆಯ ಹಿಂದೆ ಓಡಲಾರ. ಆಗ ಬೆರಿಲ್ ಉಡ ಸಾಕುವವರ ಹಳೆಯ ಉಪಾಯ ಹಿಡಿದಳು. ಊಟಕ್ಕೆ ಮೊದಲು ಜಿರಳೆಗಳನ್ನು ಪುಟ್ಟ ಡಬ್ಬಿಗೆ ಹಾಕಿ ಹತ್ತು ನಿಮಿಷ ಫ್ರಿಜ್ಜಿನಲ್ಲಿಡುವುದು. ಚಳಿಗೆ ಅವುಗಳ ಕಾಲು ಮರಗಟ್ಟುತ್ತದೆ. ಓಡುವ ಬದಲು ತೆವಳುತ್ತವೆ, ಮುದುಕನಿಗೂ ಬೇಟೆಯಾಡಿದ ಸುಖ ಸಿಗುತ್ತದೆ.

ಜುಲೈ ತಿಂಗಳ ತಪಾಸಣೆಯಲ್ಲಿ ಜಾನೆಲ್ ಒಂದು ಡಬ್ಬಿಯ ಮುಚ್ಚಳ ಎತ್ತಿದಳು. ವಾರದೊಳಗೆ ಪತ್ರ ಬಂತು: ಮನೆಯಲ್ಲಿ ಜಿರಳೆ ಕಾಟ ವಿಪರೀತ, ಹದಿನಾಲ್ಕು ದಿನದಲ್ಲಿ ಔಷಧಿ ಹಾಕಿಸದಿದ್ದರೆ ಮನೆ ಖಾಲಿ ಮಾಡತಕ್ಕದ್ದು. ಇವು ಸಾಕಿದವು, ಅಡಿಗೆಮನೆಗೆ ನುಗ್ಗುವ ಜಾತಿಯೇ ಬೇರೆ ಎಂದು ಬೆರಿಲ್ ಫೋನಿನಲ್ಲಿ ಗಂಟೆಗಟ್ಟಲೆ ಹೇಳಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅಡಿಗೆಮನೆಗಾದರೂ ಔಷಧಿ ಹಾಕಿಬಿಡು ಎಂದು ನಾನು ಅಂದೆ.

"ಅವನ ಊಟ ಇರೋ ಮನೇಲಿ ವಿಷ ಹಾಕು ಅಂತೀಯಲ್ಲ ಲೋರ್ನಾ, ನಿನಗೇನು ಬುದ್ಧಿ ಕೆಟ್ಟಿದೆಯಾ?" ಎಂದಳು.

ಅವಳದು ಉಡದ ಪಟ್ಟು. ಹಿಡಿದರೆ ಬಿಡುವವಳಲ್ಲ. ಅರವತ್ಮೂರು ವರ್ಷದವಳಿಗೆ, ಅದೂ ಉಡ ಇಟ್ಟುಕೊಂಡವಳಿಗೆ, ಈ ಊರಿನಲ್ಲಿ ಇನ್ನೊಂದು ಮನೆ ಯಾರು ಕೊಡುತ್ತಾರೆ? ಅವಳ ಮೇಲೂ ನನಗೆ ಸಿಟ್ಟು ಬಂದಿತ್ತು.

ಹನ್ನೆರಡನೆಯ ದಿನ ಅವಳು ಕಣ್ಣಿನ ಆಪರೇಷನ್ನಿಗೆ ಬ್ರಿಸ್ಬೇನ್‌ಗೆ ಹೋದಳು. ಒಂದು ರಾತ್ರಿಯ ಮಾತು. ಮೇಯರ್‌ನನ್ನು ಗಾಜಿನ ಪೆಟ್ಟಿಗೆಯ ಸಮೇತ ನನ್ನ ಮನೆಯಲ್ಲಿ ಬಿಟ್ಟು, ಬೀಗದ ಕೈ ಕೊಟ್ಟಳು. ನಾನು ಅಂಗಡಿಗೆ ಹೋಗಿ ಹುಳ ಸಾಯಿಸುವ ಹೊಗೆ ಡಬ್ಬಿ ತಂದೆ. ಅವಳ ಅಡಿಗೆಮನೆಯ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ, ಹೊಗೆ ಹಚ್ಚಿದೆ. ಕೆಳಗಿನ ಡಬ್ಬಿಗಳ ತಂಟೆಗೇ ಹೋಗಲಿಲ್ಲವಲ್ಲ ಎಂದು ನನ್ನ ಜಾಣತನಕ್ಕೆ ನಾನೇ ಬೀಗಿದೆ. ಕಂಬದ ಮೇಲೆ ನಿಂತ ಇಂಥ ಮರದ ಮನೆಯಲ್ಲೇ ಹುಟ್ಟಿ ಬೆಳೆದವಳು ನಾನು. ಮೇಲೆ ನೀರು ಚೆಲ್ಲಿದರೆ ನೆಲದ ಹಲಗೆ ಸಂದಿಯಿಂದ ಕೆಳಗೆ ಬಟ್ಟೆ ಒಗೆಯುವವಳ ತಲೆಗೆ ಬೀಳುತ್ತದೆ. ಹೊಗೆ ಇಳಿಯದೆ ಇರುತ್ತದೆಯೇ? ಅಷ್ಟೂ ಹೊಳೆಯಲಿಲ್ಲ ನನ್ನ ಹಾಳು ತಲೆಗೆ.

ಮರುದಿನ ಬೆರಿಲ್ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬರುವುದರೊಳಗೆ ಅಡಿಗೆಮನೆ ತೊಳೆದು ಗಾಳಿಗೆ ತೆರೆದಿಟ್ಟು, ಮೇಯರ್‌ನ ಪೆಟ್ಟಿಗೆಯನ್ನು ವಾಪಸು ತಂದಿಟ್ಟಿದ್ದೆ. ಹೇಳಬೇಕಿತ್ತು, ಹೇಳಲಿಲ್ಲ. ಬೈಯುತ್ತಾಳೆಂದು ಹೆದರಿ ನಾಳೆ ಹೇಳಿದರಾಯಿತು ಅಂದುಕೊಂಡೆ. ಅವಳು ಕೆಳಗಿಳಿದು, ಒಂದೇ ಕಣ್ಣಿನಲ್ಲಿ ತಡಕಾಡಿ, ಡಬ್ಬಿಯಲ್ಲಿ ಮೇಲೆಯೇ ಸಿಕ್ಕ ಒಂಬತ್ತು ಜಿರಳೆ ಹಿಡಿದು ತಂದು ಫ್ರಿಜ್ಜಿನಲ್ಲಿಟ್ಟಳು. ಹೊರಗೆ ತೆಗೆದಾಗ ಅವು ಕಾಲು ನಡುಗಿಸುತ್ತ ತೆವಳುತ್ತಿದ್ದವು. ಫ್ರಿಜ್ಜಿನಿಂದ ಬಂದ ಜಿರಳೆ ಯಾವತ್ತೂ ಹಾಗೆಯೇ. ಅವಳಿಗೂ ಅನುಮಾನ ಬರಲಿಲ್ಲ, ಪಕ್ಕದಲ್ಲಿ ಚಹಾ ಕುಡಿಯುತ್ತ ಕೂತಿದ್ದ ನನಗೂ ಬರಲಿಲ್ಲ. ಮೇಯರ್ ಒಂಬತ್ತನ್ನೂ ನುಂಗಿದ. ಇವತ್ತು ಒಂದನ್ನೂ ತಪ್ಪಿಸಿಕೊಳ್ಳಲು ಬಿಡಲಿಲ್ಲ ನೋಡು ಎಂದು ಬೆರಿಲ್ ಹಿಗ್ಗಿದಳು.

ಸಂಜೆಗೆ ಮೇಯರ್‌ನ ಕುತ್ತಿಗೆ ಒಂದು ಕಡೆಗೆ ಸೆಟೆದು ಎಳೆಯತೊಡಗಿತು. ಟವೆಲ್ಲಿನಲ್ಲಿ ಸುತ್ತಿಕೊಂಡು ಪ್ರಾಣಿಗಳ ಡಾಕ್ಟರ ಹತ್ತಿರ ಓಡಿದೆವು. ಆಕೆ ಮುಟ್ಟಿ ನೋಡಿ, ಮನೆಯಲ್ಲಿ ಏನಾದರೂ ವಿಷ ಹಾಕಿದ್ದಿರಾ ಎಂದು ಕೇಳಿದರು. ಇಲ್ಲವೇ ಇಲ್ಲ ಎಂದು ಬೆರಿಲ್ ಖಡಾಖಂಡಿತ ಹೇಳಿದಳು. ನಾನು ಬಾಯಿ ಬಿಡಲೇಬೇಕಾಯಿತು. ಬೆರಿಲ್ ಆ ಒಂದು ಕಣ್ಣಿನಲ್ಲಿ ನನ್ನನ್ನು ನೋಡಿದಳು. ಆಮೇಲೆ ತಿರುಗಿ ಮೇಯರ್‌ನ ಟವೆಲ್ ಸರಿಮಾಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಚುಚ್ಚುಮದ್ದು ಕೊಟ್ಟರು, ಬೆಚ್ಚಗಿನ ನೀರಿನಲ್ಲಿ ಹಿಡಿದರು, ಏನು ಮಾಡಿದರೂ ಮೂರನೆಯ ದಿನ ಮೇಯರ್ ಸತ್ತ. ಡಬ್ಬಿಗಳಲ್ಲಿ ಒಂದು ಹುಳವೂ ಉಳಿದಿರಲಿಲ್ಲ. ಬೆರಿಲ್ ನಾಲ್ಕನ್ನೂ ತೊಳೆದು ಕವುಚಿ ಹಾಕಿದಳು.

ವಾರ ಕಳೆದು ಜಾನೆಲ್ ಬಂದಳು. ಬೆರಿಲ್ ತಾನೇ ನನ್ನನ್ನೂ ಬರಹೇಳಿದ್ದಳು. ಆವತ್ತಿನ ತನಕ ನನ್ನ ಹತ್ತಿರ ಮಾತೇ ಇರಲಿಲ್ಲ. ಜಾನೆಲ್ ಕವುಚಿಟ್ಟ ಡಬ್ಬಿಗಳನ್ನು ನೋಡಿ ಮುಖ ಅರಳಿಸಿದಳು.

"ಚೆನ್ನಾಗಾಗಿದೆ ಮನೆ. ಜೀವಂತ ಹುಳ ಇಲ್ಲ ಅಂತ ಬರೀತೀನಿ."

"ಉಡಾನೂ ಇಲ್ಲ. ಅದನ್ನೂ ಬರ್ಕೊಳ್ಳಿ," ಎಂದಳು ಬೆರಿಲ್.

"ಅದಕ್ಕೆ ಇದರಲ್ಲಿ ಜಾಗ ಇಲ್ಲ." ಜಾನೆಲ್ ಹಾಳೆ ತಿರುಗಿಸಿದಳು. "ಔಷಧಿ ಹಾಕಿದವರ ಹೆಸರು, ಸಹಿ ಬೇಕು."

ನನಗೆ ಸಿಟ್ಟು ನೆತ್ತಿಗೇರಿತು. ಹಾಳಾದವಳೇ, ನಿನ್ನ ಒಂದು ಹಾಳೆಗೋಸ್ಕರ ಇಷ್ಟೆಲ್ಲ ಆಯಿತು ಎಂದು ಹಿಡಿದು ಝಾಡಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಬೆರಿಲ್ ಜಾನೆಲ್‌ಳ ಕೈಯಿಂದ ಪೆನ್ನು ತೆಗೆದುಕೊಂಡು ನನ್ನ ಮುಂದೆ ಹಿಡಿದಳು.

"ಹಾಕಿದ್ದು ಇವಳು. ಇವಳ ಹೆಸರೇ ಇರ್ಲಿ."

ಲೋರ್ನಾ ಪಿಗಟ್ ಎಂದು ಬಿಡಿಸಿ ಬರೆದು ಸಹಿ ಹಾಕಿದೆ.