ನೆಲ ತುಳಿದು ನೋಡುವ ಡೊರಿಸ್

ಸಾಲ್ವು ಸ್ಕೆಂಬ್ರಿ ತೀರಿಹೋದ ಸುದ್ದಿ ಅವರ ತಂಗಿ ಡೊರಿಸ್‌ಗೆ ತಿಳಿದದ್ದು ಚಾಲಕರು ತಮ್ಮೊಳಗೆ ಮಾತಾಡಿಕೊಳ್ಳುವ ಲಾರಿ ರೇಡಿಯೊದಿಂದ. ಹೋದ ಜೂನ್ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಏಳೂವರೆ. ಸಿಡ್ನಿಯ ಪಶ್ಚಿಮದಂಚಿನ ಜಲ್ಲಿ ಕ್ವಾರಿಯಲ್ಲಿ ತೂಕ ಹಾಕಿಸಲು ಆರು ಲಾರಿಗಳು ಸಾಲಾಗಿ ನಿಂತಿದ್ದವು. ಡೊರಿಸ್ ಅವರದು ಮೂರನೆಯದು. ಅಲ್ಲಿ ಜೂನ್ ಎಂದರೆ ಚಳಿಗಾಲ; ಕಿಟಕಿ ಮುಚ್ಚಿಕೊಂಡು, ಟೊಮೇಟೊ ಉಜ್ಜಿ ಎಣ್ಣೆ ಹಾಕಿದ ಬ್ರೆಡ್ಡು ತಿನ್ನುತ್ತಿದ್ದರು. "ಗುಡ್ಡದ ಬೀದಿ ಸೈಟಿಗೆ ಯಾರೂ ಹೋಗ್ಬೇಡಿ, ಒಂದು ಗಾಡಿ ಮಗುಚಿದೆ," ಎಂದು ರೇಡಿಯೊದಲ್ಲಿ ಯಾರೋ ಹೇಳಿದರು. "ಯಾರ್ದು?" ಎಂದು ಇನ್ನೊಬ್ಬರು ಕೇಳಿದರು. ಉತ್ತರ ಬರಲಿಲ್ಲ. ಮತ್ತೆ ಕೇಳಿದರು, ಆಗಲೂ ಬರಲಿಲ್ಲ. ದಿನವಿಡೀ ಹರಟೆ ತುಂಬಿರುವ ಆ ರೇಡಿಯೊ ಒಮ್ಮೆಗೇ ಸುಮ್ಮನಾಯಿತು. ಮುಂದಿನ ಲಾರಿಯ ಚಾಲಕ ಇಳಿದು ತಮ್ಮ ಕಡೆಗೆ ನಡೆದು ಬರುವುದನ್ನು, ನಡೆಯುತ್ತಲೇ ತಲೆಯ ಟೋಪಿ ತೆಗೆಯುವುದನ್ನು ಡೊರಿಸ್ ಗಾಜಿನ ಒಳಗಿಂದ ನೋಡಿದರು. ಅವನು ಬಾಗಿಲಿಗೆ ಕೈ ಹಾಕುವ ಮೊದಲೇ ಅವರಿಗೆ ಗೊತ್ತಾಗಿತ್ತು.

ಅದಕ್ಕೆ ಒಂದು ಗಂಟೆ ಮುಂಚೆ ಅಣ್ಣ ಅದೇ ರೇಡಿಯೊದಲ್ಲಿ ಕೇಳಿದ್ದರು. "ಡೊರಿ, ನಿನ್ನೆ ಅಲ್ಲಿ ಸುರಿದೋಳು ನೀನೇ ತಾನೆ? ನೆಲ ಹೆಂಗಿದೆ?"

"ಕಲ್ಲು ಇದ್ದಂಗಿದೆ. ಕಣ್ಮುಚ್ಕೊಂಡು ಹಾಕು," ಎಂದಿದ್ದರು ತಂಗಿ.

ಸಾಲ್ವು ಇಳಿದು ನೋಡಲಿಲ್ಲ. ತಂಗಿ ಸುರಿದ ಜಾಗಕ್ಕಿಂತ ಒಂದು ಮಾರು ಎಡಕ್ಕೆ ಲಾರಿ ನಿಲ್ಲಿಸಿ, ಸುರಿಯಲೆಂದು ಲೋಡು ತುಂಬಿದ ಬಾಡಿ ಎತ್ತಿದರು. ಅಲ್ಲಿ ಇಟ್ಟಿಗೆ ಚೂರಿನ ಕೆಳಗೆ ಹಳೆಯ ಪಾಯಿಖಾನೆ ಗುಂಡಿಯೊಂದು ಯಾವ ನಕ್ಷೆಯಲ್ಲೂ ಇಲ್ಲದೆ ಮುಚ್ಚಿಹೋಗಿತ್ತು. ಅದು ಕುಸಿದು ಲಾರಿ ಮಗುಚಿಕೊಂಡಿತು. ಹಿಂದಕ್ಕೆ ಬರುವಾಗ ತಲೆ ಹೊರಗೆ ಹಾಕಿ ನೋಡಲೆಂದು ಅವರು ಸೀಟಿನ ಪಟ್ಟಿ ಬಿಚ್ಚಿದ್ದರು. ಈ ಕಸುಬಿನಲ್ಲಿ ಎಲ್ಲರೂ ಬಿಚ್ಚುತ್ತಾರೆ. ವಿಚಾರಣೆಯಲ್ಲಿ ಡೊರಿಸ್ ಮೇಲೆ ಯಾರೂ ಬೆರಳು ತೋರಿಸಲಿಲ್ಲ.

"ಹದಿನೇಳು ವರ್ಷ ಹೆದರ್ಕೊಂಡೇ ಗಾಡಿ ಓಡಿಸಿದೀನಿ," ಎನ್ನುತ್ತಾರೆ ಡೊರಿಸ್. "ಆವತ್ತೊಂದು ದಿನ ಹೆದರಿಕೆ ಇರ್ಲಿಲ್ಲ. ಆವತ್ತೇ ಬಾಯಿ ಬಿಟ್ಟೆ."

ಅಂದಿನಿಂದ ಅವರು ನೆಲದ ವಿಷಯವಾಗಿ ರೇಡಿಯೊದಲ್ಲಿ ಒಂದು ಮಾತೂ ಆಡಿಲ್ಲ.

ಈಗ ಹನ್ನೊಂದು ತಿಂಗಳಾಗಿದೆ. ಮೇ ತಿಂಗಳ ಒಂದು ಮಂಗಳವಾರ, ಬೆಳಗಿನ ಆರೂವರೆ. ಐವತ್ತೆಂಟು ವರ್ಷದ ಡೊರಿಸ್ ಸ್ಕೆಂಬ್ರಿ ಇಳಿಜಾರಿನ ಒಂದು ಬೀದಿಯಲ್ಲಿ ಲಾರಿ ನಿಲ್ಲಿಸಿ, ಇಂಜಿನ್ ಆರಿಸಿ, ಎರಡು ಕೈಯನ್ನೂ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾರೆ. ಅಣ್ಣ ಹೋದ ಮೇಲೆ ಮಾಲೀಕರು ಅವರನ್ನು ಬಯಲು ಜಾಗಗಳಿಗೇ ಕಳಿಸುತ್ತಿದ್ದರು; ಹೆದ್ದಾರಿ ಕೆಲಸ, ಹೊಲದ ದಾರಿ. ಇವತ್ತು ಇನ್ನೊಬ್ಬ ಚಾಲಕನಿಗೆ ಜ್ವರ. ಅವನ ಬದಲಿಗೆ ಬೇರೆ ಯಾರೂ ಇಲ್ಲ. ಎರಡು ಮನೆಗಳ ನಡುವಿನ ಓಣಿಯಲ್ಲಿ ಹಿಂದಕ್ಕೆ ಹೋಗಿ, ಹಿತ್ತಲಿನ ಹೊಸ ತಡೆಗೋಡೆಯ ಬೆನ್ನಿಗೆ ಜಲ್ಲಿಪುಡಿ ಸುರಿಯಬೇಕು. ಓಣಿಯ ಅಗಲ ಮೂರು ಮೀಟರು ಚಿಲ್ಲರೆ, ಲಾರಿಯ ಅಗಲ ಎರಡೂವರೆ. ಎರಡು ಕಡೆಗೂ ಒಂದೊಂದು ಗೇಣಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ.

ಲಾರಿ ಎಂದರೆ ಬರೀ ಲಾರಿಯಲ್ಲ. ಅದರ ಬೆನ್ನಿಗೆ ಉದ್ದನೆಯ ಕಬ್ಬಿಣದ ಕಂಬಿಯಲ್ಲಿ ಕಟ್ಟಿದ ನಾಲ್ಕು ಅಚ್ಚಿನ ಟ್ರೇಲರು. ಯಜಮಾನನ ಹಿಂದೆ ಹಗ್ಗದಲ್ಲಿ ಬರುವಂತೆ ಬರುವುದರಿಂದ ಈ ಕಡೆ ಅದನ್ನು ನಾಯಿ ಎನ್ನುತ್ತಾರೆ. ಎರಡೂ ಸೇರಿ ಹತ್ತೊಂಬತ್ತು ಮೀಟರ್ ಉದ್ದ. ಹೊರುವುದು ಮೂವತ್ತೆರಡು ಟನ್. ಮುಂದೆ ಓಡಿಸುವುದನ್ನು ಯಾರಾದರೂ ಕಲಿಯಬಹುದು. ಹಿಂದಕ್ಕೆ ಬಿಡುವುದು ಬೇರೆಯೇ ವಿದ್ಯೆ. ಒಂದೇ ಕೀಲಿನ ಟ್ರೇಲರಾದರೆ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತದೆ. ನಾಯಿಗೆ ಎರಡು ಕೀಲು: ಕಂಬಿ ಲಾರಿಗೆ ಸಿಕ್ಕುವಲ್ಲಿ ಒಂದು, ಮುಂಗಾಲಿನಂತಿರುವ ಅದರ ಮುಂದಿನ ಗಾಲಿಗಳ ಮೇಲೆ ಇನ್ನೊಂದು. ಒಂದು ಕೀಲು ತಿರುವುಮುರುವು ಮಾಡಿದ್ದನ್ನು ಇನ್ನೊಂದು ಮತ್ತೆ ತಿರುವುಮುರುವು ಮಾಡುತ್ತದೆ. ಟ್ರೇಲರಿನ ಹಿಂಭಾಗ ದಾರಿ ತಪ್ಪಿದ್ದು ಕನ್ನಡಿಯಲ್ಲಿ ಕಾಣುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

"ಅದರ ಬಾಲ ನೋಡ್ಬೇಡ, ಮುಂಗಾಲು ನೋಡು ಅಂತಿದ್ದ ಅಣ್ಣ," ಎನ್ನುತ್ತಾರೆ ಡೊರಿಸ್.

ತಂದೆ ಮಾಲ್ಟಾ ದ್ವೀಪದಿಂದ ಬಂದು ಸಿಡ್ನಿಯ ಗ್ರೇಸ್ಟೇನ್ಸ್‌ನಲ್ಲಿ ಕೋಳಿ ಸಾಕಿದವರು. ಡೊರಿಸ್ ನಲವತ್ತೊಂದನೆಯ ವಯಸ್ಸಿನವರೆಗೆ ಮೊಟ್ಟೆ ಒರೆಸಿ ಪೆಟ್ಟಿಗೆಗೆ ತುಂಬಿದರು. ಗಂಡ ತೀರಿಹೋದ ಮೇಲೆ, ಕೋಳಿ ಮನೆಯೂ ಮಾರಿಹೋಗುವ ಹೊತ್ತಿಗೆ, ಅಣ್ಣ ಬಂದು, "ನಾಳೆಯಿಂದ ಲಾರಿ ಕಲಿ," ಎಂದರು. ಎರಡು ಖಾಲಿ ಕೋಳಿ ಶೆಡ್ಡುಗಳ ನಡುವೆ ಪಾಠ. ಮೊದಲನೆಯ ದಿನ ಸ್ಟೀರಿಂಗ್ ಮುಟ್ಟಲು ಕೊಡಲಿಲ್ಲ. ತಂಗಿಯನ್ನು ಶೆಡ್ಡಿನ ಕೊನೆಯಲ್ಲಿ ನಿಲ್ಲಿಸಿ, ತಾವು ಲಾರಿಯನ್ನೂ ನಾಯಿಯನ್ನೂ ಹಿಂದಕ್ಕೆ ಬಿಟ್ಟುಕೊಂಡು ಅವರತ್ತ ಬಂದರು. ಎರಡು ಮಾರು ದೂರದಲ್ಲಿ ನಿಲ್ಲಿಸಿ ಇಳಿದು, "ಹೆಂಗಿತ್ತು?" ಎಂದು ಕೇಳಿದರು.

"ಪ್ರಾಣ ಹೋದಂಗಾಯ್ತು."

"ಹಿಂದೆ ನಿಂತೋರಿಗೆಲ್ಲ ಹಂಗೇ ಆಗತ್ತೆ. ಅದನ್ನ ಮರೀಬೇಡ. ಈಗ ಹತ್ತು."

ಆ ವರ್ಷ ಎರಡು ಶೆಡ್ಡಿನ ಗೋಡೆಗಳೂ ಡೊಂಕಾದವು.

ಓಣಿಯ ಬಾಯಲ್ಲಿ ಮೇಸ್ತ್ರಿ ಗ್ರಾಂಟ್ ಕಾಫಿ ಲೋಟ ಹಿಡಿದು ನಿಂತಿದ್ದಾನೆ. ಡೊರಿಸ್ ಇಳಿದು, ಸೀಟಿನ ಹಿಂದಿನಿಂದ ಒಂದು ಕಬ್ಬಿಣದ ಸರಳು ತೆಗೆದುಕೊಂಡು ಒಳಗೆ ನಡೆಯುತ್ತಾರೆ. ಹೆಜ್ಜೆಗೊಮ್ಮೆ ಸರಳನ್ನು ನೆಲಕ್ಕೆ ಒತ್ತುತ್ತಾರೆ. ಮೇಲೆ ತಂತಿ ಇದೆಯೇ ಎಂದು ತಲೆ ಎತ್ತಿ ನೋಡುತ್ತಾರೆ. ಮತ್ತೆ ಒತ್ತುತ್ತಾರೆ. ದಿನಕ್ಕೆ ಐದು ಲೋಡು. ಪ್ರತಿ ಲೋಡಿಗೂ ಈ ನಡಿಗೆ.

"ಏನಮ್ಮಣ್ಣಿ, ಬಾವಿ ತೋಡೋಕೆ ಬಂದಿದೀಯಾ?" ಎಂದು ಗ್ರಾಂಟ್ ಕೇಳುತ್ತಾನೆ.

"ತೋಡೋಕಲ್ಲ, ಬೀಳದೆ ಇರೋಕೆ," ಎನ್ನುತ್ತಾರೆ ಡೊರಿಸ್, ತಲೆ ಎತ್ತದೆ.

ಹಿತ್ತಲಿನ ಎಡ ಮೂಲೆಯಲ್ಲಿ ಸರಳು ಮೆತ್ತಗೆ ಇಳಿಯುತ್ತದೆ. ಡೊರಿಸ್ ಅಲ್ಲೇ ನಿಲ್ಲುತ್ತಾರೆ. ಇನ್ನೊಮ್ಮೆ, ಒಂದು ಅಡಿ ಪಕ್ಕದಲ್ಲಿ. ಅಲ್ಲಿಯೂ ಇಳಿಯುತ್ತದೆ.

"ಗ್ರಾಂಟ್, ಈ ಮೂಲೆ ಟೊಳ್ಳು. ಇಲ್ಲಿ ಯಾರೂ ಬರದ ಹಾಗೆ ಎಚ್ಚರಿಕೆ ಪಟ್ಟಿ ಕಟ್ಸು."

"ನಿನ್ನೆ ತಾನೆ ರೋಲರ್ ಹೊಡ್ಸಿದೀನಿ. ಮೇಲ್ಗಡೆ ಸ್ವಲ್ಪ ತೇವ ಅಷ್ಟೆ."

"ಕಟ್ಸು."

"ಆಮೇಲೆ ಕಟ್ಸ್ತೀನಿ ಬಿಡು. ಮೊದ್ಲು ನಿನ್ನ ಲೋಡು ಹಾಕು, ಹಿಂದೆ ಇನ್ನೊಬ್ಬ ಬರ್ತಿದಾನೆ."

ಡೊರಿಸ್ ನಾಯಿಯನ್ನು ಬೀದಿಯಲ್ಲೇ ಬಿಡಲು ನಿರ್ಧರಿಸುತ್ತಾರೆ. ಲಾರಿಯೊಂದನ್ನೇ ಒಳಗೆ ಒಯ್ದು ಸುರಿದು, ಹೊರಗೆ ಬಂದು ನಾಯಿಯನ್ನು ಕಟ್ಟಿಕೊಂಡು ಮತ್ತೆ ಒಳಗೆ ಹೋಗಬೇಕು. ಇಪ್ಪತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಗ್ರಾಂಟ್ ಲೋಟದ ಕಾಫಿಯನ್ನು ನೆಲಕ್ಕೆ ಚೆಲ್ಲುತ್ತಾನೆ. ಅವರು ಗಾಲಿಗಳಿಗೆ ಅಡ್ಡ ಕೊಟ್ಟು, ಬ್ರೇಕಿನ ಗಾಳಿ ಕೊಳವೆ ಬಿಚ್ಚಿ, ಕಂಬಿಯ ಕೊಂಡಿ ಕಳಚುತ್ತಾರೆ.

ಹಿಂದೆ ನಿಂತು ಸನ್ನೆ ಮಾಡುವವನು ತೇವಿತಾ. ಟೋಂಗಾ ದ್ವೀಪದವನು, ನಲವತ್ತರ ಆಸುಪಾಸು, ದೊಡ್ಡ ಆಳು. ಇಬ್ಬರ ನಡುವೆ ಇರುವ ಕರಾರು ಒಂದೇ: ಅವನ ಮುಖ ಕನ್ನಡಿಯಲ್ಲಿ ಕಾಣಬೇಕು. ಕಾಣದಿದ್ದರೆ ಬ್ರೇಕು.

ಡೊರಿಸ್ ಸೀಟಿನ ಪಟ್ಟಿ ಬಿಗಿದುಕೊಂಡು ಹಿಂದಕ್ಕೆ ಬಿಡುತ್ತಾರೆ. ಗೋಡೆಗಳು ಎರಡು ಕಡೆಯಿಂದಲೂ ಕಿಟಕಿಯ ಹತ್ತಿರ ಸರಿದು ಬರುತ್ತವೆ. ಒಂದು ಮನೆಯ ಅಡಿಗೆಮನೆಯ ದೀಪ, ಒಳಗೆ ಯಾರದೋ ನೆರಳು. ಕನ್ನಡಿಯಲ್ಲಿ ತೇವಿತಾನ ಅಂಗೈ ಬಾ ಬಾ ಎನ್ನುತ್ತಿದೆ. ನಡು ಓಣಿಯಲ್ಲಿ ಆ ಅಂಗೈ ಇಲ್ಲವಾಗುತ್ತದೆ.

ಡೊರಿಸ್ ಬ್ರೇಕು ಒತ್ತುತ್ತಾರೆ. ಎಡಗನ್ನಡಿ ನೋಡುತ್ತಾರೆ, ಇಲ್ಲ. ಬಲಗನ್ನಡಿ, ಇಲ್ಲ. ಇಂಜಿನ್ನಿನ ಸದ್ದು ಬಿಟ್ಟರೆ ಏನೂ ಕೇಳುವುದಿಲ್ಲ. ಹತ್ತು ಎಣಿಸುವಷ್ಟು ಹೊತ್ತು ಹಾಗೆಯೇ ಕೂತಿರುತ್ತಾರೆ. ಆಮೇಲೆ ಬಲಗನ್ನಡಿಯಲ್ಲಿ ಒಂದು ಕಸದ ಡಬ್ಬ ಹೊತ್ತ ತೇವಿತಾ ಕಾಣಿಸಿಕೊಳ್ಳುತ್ತಾನೆ.

"ಅಡ್ಡ ಇತ್ತು ಆಂಟಿ, ತೆಗೆದೆ," ಎನ್ನುತ್ತಾನೆ.

"ತೆಗೀತೀನಿ ಅಂತ ಹೇಳಿ ತೆಗಿಯೋ ಪುಣ್ಯಾತ್ಮ! ನಿನ್ನ ಹೆಂಡ್ತಿಗೆ ನಾನೇನು ಹೇಳ್ಲಿ?"

"ಇಷ್ಟು ದಪ್ಪಗಿದ್ರೂ ಕಾಣ್ಲಿಲ್ಲ ಅಂತ ಹೇಳಿ." ತೇವಿತಾ ನಗುತ್ತಾನೆ. ಡೊರಿಸ್ ನಗುವುದಿಲ್ಲ.

ಹಿತ್ತಲಿನ ಬಲಬದಿಗೆ ಲಾರಿ ನಿಲ್ಲಿಸಿ ಬಾಡಿ ಎತ್ತುತ್ತಾರೆ. ಪೂರ್ತಿ ಎತ್ತಿದರೆ ಅದು ಪಕ್ಕದ ಮನೆಯ ಹೆಂಚಿಗಿಂತ ಮೇಲೆ ಹೋಗುತ್ತದೆ. ಅರ್ಧಕ್ಕೆ ಬಂದಾಗ ಪುಡಿ ಜಾರಬೇಕು. ಬಲಗಡೆಯದು ಜಾರುತ್ತದೆ. ಎಡಗಡೆಯದು ರಾತ್ರಿಯ ಮಳೆಗೆ ನೆನೆದು ಅಂಟಿಕೊಂಡಿದೆ. ಇಡೀ ಲಾರಿ ಸಣ್ಣಗೆ ಎಡಕ್ಕೆ ವಾಲಿದ್ದು ಡೊರಿಸ್ ಅವರ ಸೊಂಟಕ್ಕೆ ತಿಳಿಯುತ್ತದೆ. ಈ ಹೊತ್ತಿನಲ್ಲಿ ಚಾಲಕರು ಲಾರಿಯನ್ನು ಒಮ್ಮೆ ಮುಂದಕ್ಕೆ ಜಗ್ಗಿ ಬ್ರೇಕು ಹಾಕಿ ಲೋಡು ಉದುರಿಸುತ್ತಾರೆ. ಅವರೂ ಎಷ್ಟೋ ಸಲ ಹಾಗೆ ಮಾಡಿದ್ದಾರೆ.

"ಜಗ್ಗು!" ಎಂದು ಗ್ರಾಂಟ್ ಕೂಗುತ್ತಾನೆ.

ಡೊರಿಸ್ ಬಾಡಿ ಇಳಿಸುತ್ತಾರೆ. ಏಣಿ ಹತ್ತಿ, ಸಲಿಕೆಯಿಂದ ಎಡಬದಿಯ ಪುಡಿಯನ್ನು ಕೆರೆದು ಸಡಿಲ ಮಾಡುತ್ತಾರೆ. ಮತ್ತೆ ಕೂತು ಪಟ್ಟಿ ಬಿಗಿದು ಬಾಡಿ ಎತ್ತುತ್ತಾರೆ. ಈ ಸಲ ಹದಿಮೂರು ಟನ್ ಪುಡಿಯೂ ಒಂದೇ ಉಸಿರಿಗೆ ಸುರಿಯುತ್ತದೆ.

ನಾಯಿಯದು ಇನ್ನೂ ನಿಧಾನ. ಕಟ್ಟಿಕೊಂಡು ಹಿಂದಕ್ಕೆ ಬಿಡುವಾಗ ಎರಡು ಸಲ ಅದರ ಮುಂಗಾಲು ಅಡ್ಡ ತಿರುಗುತ್ತದೆ. ಎರಡು ಸಲವೂ ಲಾರಿಯನ್ನು ಮುಂದಕ್ಕೆ ಎಳೆದು ನೆಟ್ಟಗೆ ಮಾಡಿಕೊಳ್ಳುತ್ತಾರೆ. ಮೂರನೆಯ ಸಲ, ಸ್ಟೀರಿಂಗನ್ನು ಬೆರಳಿನಷ್ಟು ಬೆರಳಿನಷ್ಟೇ ಆಡಿಸುತ್ತಾ, ಗೋಡೆಗೆ ತಗಲದಂತೆ ಒಳಗೆ ಒಯ್ದು ಸುರಿದು ಹೊರಗೆ ಬರುತ್ತಾರೆ. ಬೆನ್ನಿನ ಅಂಗಿ ನೆನೆದು ಅಂಟಿದೆ.

ಬೀದಿಯಲ್ಲಿ ಅಷ್ಟರಲ್ಲಿ ಗುರ್ತೇಜನ ಲಾರಿ ಬಂದು ನಿಂತಿದೆ. ಪಂಜಾಬಿನವನು, ಈ ಕೆಲಸಕ್ಕೆ ಸೇರಿ ಎರಡು ವರ್ಷ. ಮನೆಯಲ್ಲಿ ಮೂರು ತಿಂಗಳ ಮಗಳಿದ್ದಾಳೆ. ರೇಡಿಯೊದಲ್ಲಿ ಅವನ ದನಿ ಬರುತ್ತದೆ. "ಭೈನ್‌ಜಿ, ನೆಲ ಹೆಂಗಿದೆ?"

ಡೊರಿಸ್ ರೇಡಿಯೊ ಕೈಗೆ ತೆಗೆದುಕೊಳ್ಳುತ್ತಾರೆ. ಗುಂಡಿ ಒತ್ತುತ್ತಾರೆ. ಮಾತು ಬರುವುದಿಲ್ಲ. ಅವರ ಬದಲು ಗ್ರಾಂಟ್ ತನ್ನ ಕೈಯಲ್ಲಿದ್ದ ರೇಡಿಯೊದಲ್ಲಿ ಉತ್ತರ ಕೊಡುತ್ತಾನೆ. "ಗಟ್ಟಿ ಇದೆ, ಬಾ ಬಾ. ಎಡಗಡೆ ಖಾಲಿ ಇದೆ, ಅಲ್ಲೇ ಹಾಕು."

ಗುರ್ತೇಜನ ಲಾರಿ ಹಿಂದಕ್ಕೆ ಬರುವ ಸದ್ದು ಶುರುವಾಗುತ್ತದೆ.

ತಾವು ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಸಾಯುವುದಿಲ್ಲ ಎಂದು ಹನ್ನೊಂದು ತಿಂಗಳಿಂದ ನಂಬಿದ್ದರು ಡೊರಿಸ್. ಈಗ ಸುಮ್ಮನೆ ಕೂತರೂ ಒಬ್ಬ ಸಾಯಬಹುದು. ಅವರು ಬಾಗಿಲು ತೆರೆದು ಇಳಿಯುತ್ತಾರೆ, ಓಡುತ್ತಾರೆ. ಓಣಿಯ ಬಾಯಲ್ಲಿ, ಅವನ ಬಲಗನ್ನಡಿಗೆ ಕಾಣುವ ಕಡೆ, ಎರಡು ಕೈಯನ್ನೂ ಮೇಲೆತ್ತಿ ನಿಲ್ಲುತ್ತಾರೆ. ಟ್ರೇಲರಿನ ಹಿಂಬಾಗಿಲು ಅವರತ್ತ ಬರುತ್ತಲೇ ಇದೆ. ತೇವಿತಾ ಕಿರುಚುತ್ತಾನೆ. ಅವರು ಕದಲುವುದಿಲ್ಲ. ಎರಡು ಮಾರು ಇರುವಾಗ ಲಾರಿ ನಿಲ್ಲುತ್ತದೆ.

ಗುರ್ತೇಜ್ ತಲೆ ಹೊರಗೆ ಹಾಕುತ್ತಾನೆ. "ಸಾಯೋಕೆ ಬಂದ್ರಾ ಭೈನ್‌ಜಿ?"

"ಇಳಿ."

"ನೆಲ ಗಟ್ಟಿ ಇದೆ ಅಂದ್ರಲ್ಲ ಅವ್ರು?"

"ಅವ್ರು ಅಂದ್ರು. ನಾನೂ ಒಂದ್ಸಲ ಅಂದಿದ್ದೆ. ಇಳಿಯಪ್ಪ."

ಅವನ ಮೊಣಕೈ ಹಿಡಿದುಕೊಂಡು ಒಳಗೆ ಕರೆದುಕೊಂಡು ಹೋಗುತ್ತಾರೆ. ಗೋಡೆಗೆ ಒರಗಿಸಿಟ್ಟಿದ್ದ ಸರಳನ್ನು ಅವನ ಕೈಗೆ ಕೊಡುತ್ತಾರೆ. "ನಾನು ಹೇಳಿದ್ದೂ ನಂಬಬೇಡ. ನೀನೇ ಒತ್ತು."

ಗುರ್ತೇಜ್ ಒತ್ತುತ್ತಾ ಹೋಗುತ್ತಾನೆ. ಬಲಗಡೆ ಸರಳು ಠಣ್ಣೆನ್ನುತ್ತದೆ. ನಡುವೆಯೂ ಹಾಗೆಯೇ. ಎಡ ಮೂಲೆಯಲ್ಲಿ ಹಿಡಿಯವರೆಗೂ ಇಳಿದುಬಿಡುತ್ತದೆ. ಅವನು ಅದನ್ನು ಎಳೆದು ತೆಗೆದು, ತುದಿಗೆ ಅಂಟಿದ ಕೆಸರನ್ನು ನೋಡುತ್ತಾನೆ. ಹಿಂದಿರುಗಿ ಹೋಗಿ ನಾಯಿಯ ಕೊಂಡಿ ಕಳಚತೊಡಗುತ್ತಾನೆ. ಗ್ರಾಂಟ್ ತಾನೇ ಎಚ್ಚರಿಕೆ ಪಟ್ಟಿಯ ಸುರುಳಿ ತರಲು ಹೋಗುತ್ತಾನೆ.

ನಾಳೆಯೂ ಇಲ್ಲಿಗೆ ಐದು ಲೋಡು. "ಬರ್ತೀನಿ," ಎನ್ನುತ್ತಾರೆ ಡೊರಿಸ್. "ಹೆದರಿಕೆ ಆಗತ್ತೆ. ಆದ್ರೂ ಬರ್ತೀನಿ. ಹೊಸಬ್ರು ಒಬ್ಬೊಬ್ರೂ ಇಳಿದು, ತಮ್ಮ ಕಾಲಲ್ಲೇ ತುಳಿದು ನೋಡ್ಲಿ. ನಂಗೆ ಬೇರೇನೂ ಬೇಡ."

ಕ್ವಾರಿಯ ದಾರಿಯಲ್ಲಿ ಖಾಲಿ ಲಾರಿ ಸದ್ದು ಮಾಡುತ್ತಾ ಹೋಗುತ್ತದೆ. ರೇಡಿಯೊ ಆರಿಸಿದ್ದಾರೆ. ಕೆಂಪು ದೀಪದ ಹತ್ತಿರ ನಿಂತಾಗ ಹಣೆ, ಎದೆ, ಭುಜ ಮುಟ್ಟಿಕೊಂಡು ತುಟಿ ಅಲ್ಲಾಡಿಸುತ್ತಾರೆ. ದೇವರೇ, ಸಾಲ್ವು ನನ್ನ ಮಾತು ನಂಬಿ ನಿನ್ನ ಹತ್ತಿರ ಬಂದಿದ್ದಾನೆ. ಅವನಿಗೆ ಗಾಬರಿ ಆಗದಂತೆ ನೋಡಿಕೋ. ದಣಿದ ಮೈ ಅವನದು, ಮಲಗಗೊಡು. ಅವನು ಕಾಲಿಡುವ ಕಡೆಯೆಲ್ಲ ನೆಲ ಗಟ್ಟಿಯಾಗಿರಲಿ. ಅವನ ಆತ್ಮ ನೆಮ್ಮದಿಯಾಗಿರಲಿ. ಆಮೆನ್.